ಭೈರ ಬರಲೇ ಇಲ್ಲ

ಪುಟ ತಿರುವುವಾಗ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸುವ ಚಾಳಿ ನನಗಿದೆ. ಓದು ಬಂದ ಮೇಲೆ ಇದು ಅಂಟಿಕೊಂಡಿತೆಂದು ಮನೆಯವರು ತಿಳಿದಿದ್ದಾರೆ. ಹಾಗಲ್ಲ. ನನಗೆ ಮೊದಲು ಬಂದದ್ದು ಚಾಳಿ. ಓದು ಬಂದದ್ದು ಅದಾಗಿ ಆರೇಳು ವರ್ಷಕ್ಕೆ.

ಮೊನ್ನೆ ಪಂಚಾಂಗ ತಿರುವುತ್ತಿದ್ದಾಗ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, “ಎಂಜಲ ಬೆರಳ ಹಚ್ಚಬ್ಯಾಡ್ರಿ ಅದಕ್ಕ, ಸರಸ್ವತಿ ಅದು. ಯಾವ ಮಾಸ್ತರ ಕಲಿಸಿದ್ನೋ ಏನೋ ನಿಮಗ” ಅಂದಳು. ನಾನು ಬೆರಳನ್ನು ಧೋತರಕ್ಕೆ ಒರೆಸಿಕೊಂಡೆ. ಯಾವ ಮಾಸ್ತರನೂ ಕಲಿಸಿದ್ದಲ್ಲ. ಕಲಿಸಿದವನು ಶೇಖಪ್ಪ, ತಾನು ಕಲಿಸಿದ್ದು ಅವನಿಗೂ ಗೊತ್ತಿರಲಿಲ್ಲ. ಇದನ್ನು ಹೆಂಡತಿಗೆ ಹೇಳಲು ಹೋದರೆ ಸಂಜೆಯೊಳಗೆ ಓಣಿಗೆಲ್ಲ ಮುಟ್ಟುತ್ತದೆ. ನೀವಾದರೆ ದೂರದವರು, ಓದಿ ಮಡಚಿ ಇಟ್ಟುಬಿಡುತ್ತೀರಿ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಮ್ಮದು ಹಿರೇಕೆರೂರ ಕಡೆಯ ಹಳ್ಳಿ. ಹನುಮಂತ ದೇವರ ಗುಡಿಯ ಪಡಸಾಲೆಯೇ ನಮ್ಮ ಸಾಲೆ. ಮೂಲೆ ಒಡೆದ ಒಂದು ಪಾಟಿ, ಅಂಗೈಯಷ್ಟು ಬಟ್ಟೆ, ಇಷ್ಟು ನನ್ನ ಆಸ್ತಿ. ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಎತ್ತು ಹಾಯ್ದು ಸೊಂಟ ಹೋಯಿತು. ಮರುದಿನದಿಂದ ನಾನು ಬಾರಕೋಲು ಹಿಡಿದೆ. ಅವ್ವ ಆ ಪಾಟಿಯನ್ನು ಒಗೆಯಲಿಲ್ಲ. ಹಾಲಿನ ಗಡಿಗೆಗೆ ಮುಚ್ಚಳ ಮಾಡಿಕೊಂಡಳು. ಅದರ ಮೇಲೆ ನಾನು ಕಡೆಯ ಸಲ ಬರೆದಿದ್ದ ಒತ್ತಕ್ಷರಗಳು ಬಿಸಿ ಹಾಲಿನ ಆವಿಗೆ ಒಂದೊಂದಾಗಿ ಕರಗಿ ಹೋದವು. ನನ್ನ ತಲೆಯಿಂದಲೂ ಹಾಗೆಯೇ ಹೋದವು. ಉಳಿದವು ಅಂಕಿಗಳು ಮತ್ತು ನನ್ನ ಹೆಸರಿನ ಮೂರು ಅಕ್ಷರ.

ಅದರ ದುಃಖ ನನಗೆ ಆಗ ಇರಲಿಲ್ಲ. ದುಃಖವಾಗದಂತೆ ಸೊಕ್ಕು ಅಡ್ಡ ನಿಂತಿತ್ತು. ಮೀಸೆ ಮೂಡುವ ಮೊದಲೇ ಸವಣೂರಿಗೆ ಬಂದು ವೀಳ್ಯದ ಎಲೆಬಳ್ಳಿಯ ತೋಟದಲ್ಲಿ ದುಡಿಯಲು ನಿಂತೆ. ಚೊಗಚಿ ಗಿಡಕ್ಕೆ ಏಣಿ ಹಚ್ಚಿ ಬಳ್ಳಿ ಕಟ್ಟುವುದು, ಕೊಡದಿಂದ ನೀರು ಹನಿಸುವುದು, ಎಲೆ ಚಿವುಟುವುದು, ಯಾವುದರಲ್ಲಿಯೂ ನನ್ನ ಜೋಡಿ ಯಾರೂ ನಿಲ್ಲುತ್ತಿರಲಿಲ್ಲ. ಇಸ್ತ್ರಿಯ ಅಂಗಿಯವರು ತೋಟಕ್ಕೆ ಬಂದರೆ ಅವರ ಮುಖ ನೋಡುತ್ತಿರಲಿಲ್ಲ, ಅಂಗೈ ನೋಡುತ್ತಿದ್ದೆ. ಮೆತ್ತಗಿದ್ದರೆ ಮನಸ್ಸಿನಲ್ಲಿಯೇ ನಗುತ್ತಿದ್ದೆ. ಇಂಥ ಮನುಷ್ಯ ನಾನು, ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶೇಖಪ್ಪನ ಅಂಗೈ ಮೆತ್ತಗಿತ್ತು. ಹಾನಗಲ್ಲಿನಲ್ಲಿ ಮಠದ ಪ್ರಸಾದ ಉಂಡು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಮಾಸ್ತರಿಕೆ ಸಿಗುತ್ತದೆಂದು ಎರಡು ವರ್ಷ ಕಾದು, ಸಿಗದೆ, ನಮ್ಮ ತೋಟದ ಎಲೆ ಆಯುವ ಚಪ್ಪರಕ್ಕೆ ಬಂದು ಕುಳಿತ. ಬಂದ ದಿನ ನನ್ನ ಪಕ್ಕದಲ್ಲಿಯೇ ಜಾಗ ಸಿಕ್ಕಿತು. ಸಹಜವಾಗಿ ಕೇಳಿದ: “ನೀವು ಎಷ್ಟನೇತ್ತಾ ಕಲ್ತೀರ್ರಿ, ಬಸಣ್ಣಾರ?”

ಎರಡು ಅನ್ನಬೇಕೆಂದೇ ಬಾಯಿ ತೆರೆದೆ. “ಐದು” ಅಂದೆ.

ಸುಳ್ಳು ಹೇಳುವ ವಿಚಾರ ಇರಲಿಲ್ಲ. ಅವನ ಮೆತ್ತಗಿನ ಅಂಗೈ ಎದುರಿಗಿತ್ತು, ಅದರ ಮುಂದೆ ಎರಡು ಎನ್ನುವ ಅಂಕಿ ಬಹಳ ಸಣ್ಣದಾಗಿ ಕಂಡಿತು, ಅಷ್ಟೇ. ಒಂದು ಸಲ ಐದು ಅಂದ ಮೇಲೆ ಐದರ ಹಾಗೆಯೇ ಬದುಕಬೇಕಾಯಿತು. ಯಾರಾದರೂ ಪತ್ರ ಓದಿಸಲು ತಂದರೆ, “ಕೈ ಹಸಿ ಐತಿ, ಶೇಖಪ್ಪನ ಕಡೆ ಕೊಡು” ಎನ್ನುತ್ತಿದ್ದೆ. ಎಲೆ ಆಯುವವನ ಕೈ ಹಸಿ ಇರುವುದು ಖರೆಯೇ. ಹಸಿ ಬಟ್ಟೆಯ ಮೇಲೆ ಎಲೆ ಹರವಿ, ಹರಿದದ್ದು, ಚುಕ್ಕೆ ಬಿದ್ದದ್ದು ಬೇರೆ ಮಾಡಿ, ತುಂಬು ಎಲೆಗಳನ್ನು ತೊಟ್ಟಿಗೆ ತೊಟ್ಟು ಕೂಡಿಸಿ ಎಣಿಸಿ ಬಾಳೆಯ ನಾರಿನಿಂದ ಕಟ್ಟಬೇಕು. ಆ ಕಟ್ಟಿಗೆ ಕವಳಿ ಎನ್ನುತ್ತಾರೆ. ಇಡೀ ದಿನ ಕೈ ಒಣಗುವುದೇ ಇಲ್ಲ. ನನಗೆ ಬಹಳ ಅನುಕೂಲವಾದ ಉದ್ಯೋಗ.

ಆದರೆ ಶೇಖಪ್ಪ ಮತ್ತು ನಾನು ಗೆಳೆಯರಾದದ್ದು ಸುಳ್ಳಲ್ಲ. ವಾರ ತುಂಬುವುದರೊಳಗೆ ‘ಬಸಣ್ಣಾರ’ ಹೋಗಿ ‘ಬಸ್ಯಾ’ ಆದೆ. ಹೇಗೆ ಆಯಿತೆಂದು ಕೇಳಿದರೆ ಹೇಳಲು ಬರುವುದಿಲ್ಲ. ಅವನಿಗೆ ಖಾರ ಸೇರುತ್ತಿರಲಿಲ್ಲ, ನನಗೆ ಸೇರುತ್ತಿತ್ತು. ಅವನ ರೊಟ್ಟಿಯ ಗಂಟಿನಲ್ಲಿದ್ದ ಕೆಂಪು ಚಟ್ನಿ ನನಗೆ ಬಂತು, ನನ್ನ ಮೊಸರು ಅವನಿಗೆ ಹೋಯಿತು. ಅವನಿಗೆ ಎಲೆಯ ಪುಟ್ಟಿ ಎತ್ತಲು ಆಗುತ್ತಿರಲಿಲ್ಲ, ನಾನು ಎರಡು ಎತ್ತುತ್ತಿದ್ದೆ. ಗೆಳೆತನವೆಂದರೆ ಇಂಥ ಸಣ್ಣ ಅದಲುಬದಲುಗಳೇ ಇರಬೇಕು.

ಅವನು ಹಾನಗಲ್ಲಿನಿಂದ ಬರುವಾಗ ಒಂದು ಪುಸ್ತಕ ತಂದಿದ್ದ. ಹಳೆಯ ಕಾದಂಬರಿ. ಮೇಲಿನ ರಟ್ಟು ಹೋಗಿತ್ತು, ಮೊದಲಿನ ಕೆಲವು ಪುಟಗಳೂ ಹೋಗಿದ್ದವು. ಹೀಗಾಗಿ ಅದರ ಹೆಸರಾಗಲಿ ಬರೆದವರ ಹೆಸರಾಗಲಿ ನಮಗೆ ಗೊತ್ತೇ ಆಗಲಿಲ್ಲ. ಹಾನಗಲ್ಲಿನ ಹಿರಿಯರೊಬ್ಬರು ಅದನ್ನು ಅವನ ಕೈಗೆ ಕೊಟ್ಟು, “ನಮ್ಮ ಅಪ್ಪ ಓದಿ ಅತ್ತಿದ್ದ, ನಾನೂ ಅತ್ತೇನಿ, ನೀನೂ ಓದು” ಅಂದಿದ್ದರಂತೆ. ಮೂರು ತಲೆಮಾರನ್ನು ಅಳಿಸಿದ ಪುಸ್ತಕಕ್ಕೆ ಹೆಸರು ಇಲ್ಲದಿದ್ದರೂ ನಡೆಯುತ್ತದೆ.

ಕಥೆ ಇಬ್ಬರು ಗೆಳೆಯರದು. ಚಂದ್ರಯ್ಯ ಅರಮನೆಯಲ್ಲಿ ಬರೆಯುವ ಕೆಲಸದವನು. ಭೈರ ಅಲ್ಲಿಯೇ ಲಾಯದಲ್ಲಿ ಕುದುರೆ ತಿಕ್ಕುವವನು. ಸಣ್ಣಂದಿನಿಂದ ಒಂದೇ ಕಂಬಳಿಯಲ್ಲಿ ಮಲಗಿದವರು. ಪುಸ್ತಕದ ತುಂಬ ರಾಜ, ಮಂತ್ರಿ, ಲಡಾಯಿ, ಒಳಸಂಚು ಬೇಕಾದಷ್ಟಿವೆ. ಈಗ ನಾನೇ ಓದಿದ್ದೇನೆ, ಅವೆಲ್ಲ ದೊಡ್ಡದಾಗಿಯೇ ಇವೆ. ಆದರೆ ಮಧ್ಯಾಹ್ನ ಊಟವಾದ ಮೇಲೆ ಶೇಖಪ್ಪ ಓದಲು ಶುರು ಮಾಡಿದಾಗ, ಚಪ್ಪರದಲ್ಲಿ ಯಾರೂ ರಾಜನ ಸಲುವಾಗಿ ಕಿವಿ ತೆರೆಯುತ್ತಿರಲಿಲ್ಲ. ನಮ್ಮೊಡನೆ ಎಲೆ ಆಯುತ್ತಿದ್ದ ಗಂಗವ್ವ ಎಂಬ ಹಿರಿಯ ಹೆಂಗಸು, ಲಡಾಯಿ ಬಂದ ಕೂಡಲೆ, “ಆ ಸುಡಗಾಡ ರಾಜಾನ ಸುದ್ದಿ ಬಿಡೋ ತಮ್ಮಾ. ಅವ್ರಿಬ್ರು ಉಂಡ್ರೋ ಇಲ್ಲೋ ಅದನ್ನ ಓದು” ಎನ್ನುತ್ತಿದ್ದಳು. ಎಲೆಗೆ ನೀರು ಚಿಮುಕಿಸುವ ಇಮಾಮಸಾಬ, “ಓದಪಾ, ರಾಜಾ ಎಲ್ಲಿ ಹೋಗ್ತಾನ, ನಾಳಿ ಓದಿದ್ರೂ ಅಲ್ಲೇ ಇರ್ತಾನ” ಎಂದು ದನಿಗೂಡಿಸುತ್ತಿದ್ದ. ಶೇಖಪ್ಪ ನಕ್ಕು ನಾಲ್ಕು ಹಾಳೆ ಹಾರಿಸಿ, ಭೈರ ರೊಟ್ಟಿ ಮುರಿದು ಅರ್ಧ ಕೊಟ್ಟಲ್ಲಿಗೆ ಬರುತ್ತಿದ್ದ. ಆ ಪುಸ್ತಕ ಬರೆದವರು ಬಹಳ ದೊಡ್ಡವರಿರಬೇಕು. ಒಬ್ಬನ ಬಳಿ ಇನ್ನೊಬ್ಬ ಸುಮ್ಮನೆ ಕುಳಿತಿರುವುದನ್ನು ಹತ್ತು ಪುಟ ಬರೆದಿದ್ದಾರೆ, ಹತ್ತು ಪುಟದಲ್ಲಿಯೂ ಬೇಸರ ಬರುವುದಿಲ್ಲ.

ಚಪ್ಪರದವರಿಗೆ ಹೋಲಿಕೆ ಹೊಳೆಯಲು ಬಹಳ ದಿನ ಬೇಕಾಗಲಿಲ್ಲ. ಬರೆಯುವವನು ಚಂದ್ರಯ್ಯ, ಮೈಮುರಿದು ದುಡಿಯುವವನು ಭೈರ. ಶೇಖಪ್ಪ ಚಂದ್ರಯ್ಯನಾದ, ನಾನು ಭೈರನಾದೆ. “ಏ ಭೈರಾ, ಆ ಪುಟ್ಟಿ ಈ ಕಡೆ ಸರಿಸು” ಎಂದು ಗಂಗವ್ವ ಕೂಗಿದರೆ ನನ್ನ ಎದೆ ಉಬ್ಬುತ್ತಿತ್ತು. ಓದು ಬಾರದೆಯೂ ಪುಸ್ತಕದೊಳಗೆ ಸೇರಿದವನು ಈ ತಾಲೂಕಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ.

ಶೇಖಪ್ಪ ಓದುವುದನ್ನು ನಾನು ಕಿವಿಗಿಂತ ಕಣ್ಣಿನಿಂದ ಹೆಚ್ಚು ಕೇಳುತ್ತಿದ್ದೆ. ಹಾಳೆ ಮುಗಿಯುತ್ತ ಬಂದಂತೆ ದನಿ ಸ್ವಲ್ಪ ಇಳಿಯುತ್ತಿತ್ತು, ಬೆರಳು ನಾಲಿಗೆಗೆ ಹೋಗುತ್ತಿತ್ತು, ಹಾಳೆ ತಿರುವುತ್ತಿತ್ತು. ನಾನು ಒಂದು ಕವಳಿ ಕಟ್ಟಿ ಮುಗಿಸುವುದಕ್ಕೂ ಅವನು ಒಂದು ಹಾಳೆ ತಿರುವುವುದಕ್ಕೂ ಸರಿಹೋಗುತ್ತಿತ್ತು. ಯಾಕೆ ಇದನ್ನೆಲ್ಲ ಗಮನಿಸುತ್ತಿದ್ದೆನೋ ಆಗ ನನಗೇ ಗೊತ್ತಿರಲಿಲ್ಲ. ಕಳ್ಳನಿಗೆ ಮನೆ ನೋಡಿಡುವ ರೂಢಿ ಇರುತ್ತದಲ್ಲ, ಹಾಗೆ.

ಜಗತ್ತಿನ ಎರಡನೇ ದೊಡ್ಡ ಲಡಾಯಿಯ ಕಾಲ ಅದು. ಸೀಮೆಎಣ್ಣೆಗೆ ಪಾಳಿ ಹಚ್ಚುತ್ತಿದ್ದ ದಿನಗಳು. ಆ ವರ್ಷ ಮಳೆಗಾಲದಲ್ಲಿ ಶೇಖಪ್ಪನಿಗೆ ಕಣ್ಣುಬೇನೆ ಬಂತು. ಎಲ್ಲರಿಗೂ ಬಂದು ಹೋಯಿತು, ಅವನಿಗೆ ಬಂದದ್ದು ಹೋಗಲಿಲ್ಲ. ನಂದಿಬಟ್ಟಲ ಹೂವಿನ ರಸ ಬಿಟ್ಟರು, ಬಾಣಂತಿಯ ಎದೆಹಾಲು ಬಿಟ್ಟರು. ಕಡೆಗೆ ಎರಡೂ ಕಣ್ಣಲ್ಲಿ ಬಿಳಿ ಹೂ ಬಿದ್ದು ನೋಟ ಹೋಯಿತು. ಪುಸ್ತಕದಲ್ಲಿ ಚಂದ್ರಯ್ಯನ ಮೇಲೆ ರಾಣಿಯ ಮುದ್ರೆಯುಂಗುರ ಕದ್ದ ಸುಳ್ಳು ಆರೋಪ ಬಂದು, ಸೆರೆಮನೆಯ ಬಾಗಿಲು ಮುಚ್ಚಿ, ಭೈರ ಹೊರಗೆ ನಿಂತಿದ್ದ ಜಾಗಕ್ಕೆ ಓದು ನಿಂತಿತು. ಹಿರೇಬೆಂಡಿಗೇರಿಯಿಂದ ಅವನ ಅಕ್ಕ ನೀಲವ್ವ ಚಕ್ಕಡಿ ತಂದಳು. ಹತ್ತುವ ಮುನ್ನ ಶೇಖಪ್ಪ ತಡವುತ್ತ ಪುಸ್ತಕವನ್ನು ನನ್ನ ಕೈಗೆ ಕೊಟ್ಟ.

“ನಿಲ್ಲಿಸಬ್ಯಾಡ ಬಸ್ಯಾ. ನೀ ಓದಿ ಹೇಳು ಇವ್ರಿಗೆ.”

ಆಗ ಹೇಳಬಹುದಾಗಿತ್ತು. ಚಕ್ಕಡಿಯ ಮರೆಗೆ ಕರೆದು, ಕಿವಿಯಲ್ಲಿ ಹೇಳಬಹುದಾಗಿತ್ತು. ಗಂಗವ್ವ, ಇಮಾಮಸಾಬ ಎದುರಿಗೇ ನಿಂತಿದ್ದರು. “ಆತು, ಓದ್ತೇನಿ” ಅಂದೆ.

ಮರುದಿನ ಊಟವಾದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಕೈ ಹಸಿ ಇದೆ ಅಂದೆ. ಗಂಗವ್ವ ತನ್ನ ಸೆರಗಿನಿಂದಲೇ ನನ್ನ ಕೈ ಒರೆಸಿಬಿಟ್ಟಳು. ಪುಸ್ತಕ ತೆರೆದೆ. ಅಕ್ಷರಗಳು ಇರುವೆಯ ಸಾಲಿನ ಹಾಗೆ ಹೊರಟಿದ್ದವು, ಒಂದಕ್ಕೂ ನನ್ನ ಗುರುತಿರಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಶೇಖಪ್ಪನ ಧಾಟಿಯಲ್ಲಿ ಶುರು ಮಾಡಿದೆ: “ಆಗ ಭೈರನು ಕುದುರೆಯ ಕೊರಳನ್ನು ಅಪ್ಪಿಕೊಂಡು ಹೀಗೆಂದನು...”

ಏನೆಂದನೋ ನನಗೇ ಗೊತ್ತಿರಲಿಲ್ಲ. ಆದರೆ ಅಂದ. ದೂರದ ದೊಡ್ಡ ರಾಜನ ಬಳಿಗೆ ಹೋಗಿ ಚಂದ್ರಯ್ಯನ ಬಿಡುಗಡೆಗೆ ಅಪ್ಪಣೆ ತರುತ್ತೇನೆ ಅಂದ. ಹೊರಟೇಬಿಟ್ಟ. ಅಡವಿ ಬಂತು, ಹುಲಿ ಬಂತು. ಹುಲಿ ಹೋದ ಮೇಲೆ ಕಳ್ಳರು ಬಂದರು. ಗಂಗವ್ವನ ಮುಂದೆ ಎಲೆ ರಾಶಿ ಬಿದ್ದದ್ದು ಹಾಗೇ ಬಿದ್ದಿತ್ತು. ಪಕ್ಕದಲ್ಲಿ ಯಾರದಾದರೂ ಕವಳಿ ಕಟ್ಟಿ ಮುಗಿದದ್ದು ಕಂಡರೆ ನಾನು ದನಿ ಇಳಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಹಾಳೆ ತಿರುವುತ್ತಿದ್ದೆ. ಇಮಾಮಸಾಬ ಬೆರಗಾಗಿ, “ಶೇಖಪ್ಪಗಿಂತಾ ನೀನ ಚಲೋ ಓದ್ತಿ ನೋಡು. ಅವ ತಡದ ತಡದ ಓದ್ತಿದ್ದ. ನಿನಗ ಒಂದೂ ತೊಡಕಿಲ್ಲ” ಅಂದ. ತೊಡಕು ಎಲ್ಲಿಂದ ಬರಬೇಕು.

ನಾಚಿಕೆ ಪಡುವ ಮಾತೆಂದರೆ, ಆ ಹೊಗಳಿಕೆ ನನಗೆ ರುಚಿಸಿತು. ಮನೆಗೆ ಹೋಗುವಾಗ ನಾಳೆ ಭೈರನನ್ನು ಎಲ್ಲಿಗೆ ಕಳಿಸಲಿ ಎಂದು ಯೋಚಿಸುತ್ತ ಹೋಗುತ್ತಿದ್ದೆ. ಕಣ್ಣು ಹೋದ ಗೆಳೆಯನನ್ನು ಯೋಚಿಸುತ್ತಿರಲಿಲ್ಲ.

ಶಿಗ್ಗಾಂವಿ ಸಂತೆಗೆ ವಾರಕ್ಕೊಮ್ಮೆ ಎಲೆ ಒಯ್ಯುವ ಕೆಲಸ ನನ್ನದೇ. ನವಾಬರ ಆಳಿಕೆಯ ಸವಣೂರಿನಿಂದ ಹೊರಟು ಇಂಗ್ರೇಜರ ಆಳಿಕೆಯ ಊರಿಗೆ ಮುಟ್ಟುತ್ತಿದ್ದೆ, ಎತ್ತುಗಳಿಗೆ ಮಾತ್ರ ಎರಡೂ ಕಡೆ ಒಂದೇ ಕೆಸರು. ಅಲ್ಲಿಂದ ಹಿರೇಬೆಂಡಿಗೇರಿ ಏನು ದೂರ. ಮನಸ್ಸಿದ್ದವನಿಗೆ ಹೋಗಿ ಬರುವ ದಾರಿ. ಮೊದಲ ಸಂತೆಯಲ್ಲಿಯೇ ಆ ಊರಿನ ಒಬ್ಬ ಹೆಸರು ಕೇಳುತ್ತ ಬಂದ.

“ಸವಣೂರ ಎಲಿ ಬಸಣ್ಣ ನೀವ ಏನ್ರಿ? ನಮ್ಮೂರ ಶೇಖಪ್ಪ ಹೇಳಿ ಕಳಿಸ್ಯಾನ. ಪುಸ್ತಕ ತಗೊಂಡ ಬಂದು ಎರಡ ಹಾಳಿ ಓದಿ ಹೋಗ ಅಂತ. ಹೊತ್ತ ಹೋಗವಲ್ದು ಅಂತಾನ್ರಿ.”

ಗಂಗವ್ವನ ಮುಂದೆ ಹುಲಿ ಬಿಡಬಹುದು. ಆ ಪುಸ್ತಕವನ್ನು ಮೊದಲೇ ಎರಡು ಸಲ ಓದಿದವನ ಮುಂದೆ ಯಾವ ಹುಲಿ ಬಿಡಲಿ. “ಎಲಿ ಬಾಡ್ತಾವ್ರಿ, ಬಿಟ್ಟ ಬರಾಕ ಆಗೂದಿಲ್ಲ. ಮುಂದಿನ ಸಂತಿಗೆ ಬರ್ತೇನಿ ಅಂತ ಹೇಳ್ರಿ” ಅಂದೆ.

ಮುಂದಿನ ಸಂತೆಗೂ ಅವನು ಬಂದ. ಎಲೆ ಬಾಡುತ್ತವೆ ಅಂದೆ. ಅದರ ಮುಂದಿನ ಸಂತೆಗೆ ಹಾಗೆ ಅನ್ನುವಾಗ ಅವನು ನನ್ನ ಪುಟ್ಟಿಯೊಳಗೆ ಇಣುಕಿದ. ಪುಟ್ಟಿ ಖಾಲಿ ಇತ್ತು. ಪುಣ್ಯಾತ್ಮ, ತಲೆ ಅಲ್ಲಾಡಿಸಿ ಹೋದ. ಆಮೇಲೆ ಅವನು ದೂರದಲ್ಲಿ ಕಂಡರೆ ನಾನೇ ಉಳ್ಳಾಗಡ್ಡಿ ಸಾಲಿನ ಕಡೆ ಜಾರಿಕೊಳ್ಳುತ್ತಿದ್ದೆ. ಅಕ್ಕಿಆಲೂರ ಸಂತೆಗೆ, ಹಾನಗಲ್ಲಿಗೆ, ಕೆಸರು ತುಳಿದು ಹಿರೇಕೆರೂರಿನ ತನಕವೂ ಎಲೆ ಒಯ್ಯುತ್ತೇನೆಂದು ಮುಂದೆ ಬಿದ್ದು ಕೇಳಿಕೊಂಡೆ. ತೋಟದ ಯಜಮಾನರು, “ಬಸಣ್ಣನಂಥಾ ದುಡಿಯೂ ಮನಿಶ್ಯಾ ಇಲ್ಲ” ಎಂದು ನಾಲ್ಕು ಮಂದಿಯ ಮುಂದೆ ಹೇಳಿದರು. ನನ್ನ ಜನ್ಮದಲ್ಲಿ ದುಡಿಮೆಗೆ ಬಂದ ಹೊಗಳಿಕೆಯಲ್ಲಿ ರುಚಿಸದೆ ಹೋದದ್ದು ಅದೊಂದೇ.

ಇತ್ತ ಚಪ್ಪರದಲ್ಲಿ ಬೇರೆ ಸಂಕಟ ಶುರುವಾಗಿತ್ತು. ನನ್ನ ಕಥೆ ಹಿಗ್ಗುತ್ತ ಹೋಯಿತು, ಪುಸ್ತಕದ ಹಾಳೆ ಮಾತ್ರ ಕವಳಿಯ ಲೆಕ್ಕದಲ್ಲಿ ಕರಗುತ್ತ ಬಂದವು. ಅಪ್ಪಣೆ ಸಿಕ್ಕಿತ್ತು, ಆದರೆ ಭೈರ ಇನ್ನೂ ತುಂಬಿದ ಹೊಳೆಯ ಆಚೆ ಇದ್ದ. ಕುದುರೆ ಸತ್ತಿತ್ತು. ಅಂಬಿಗನಿಗೆ ಜ್ವರ ಬಂದಿತ್ತು. ಇದೆಲ್ಲ ನಾನೇ ತಂದ ಪೀಡೆ. ಒಂದು ದಿನ ನೋಡುತ್ತೇನೆ, ಬಲಗೈಯಲ್ಲಿ ಒಂದೇ ಹಾಳೆ ಉಳಿದಿದೆ. ನಿಧಾನ ಮಾಡೋಣವೆಂದರೆ ಗಂಗವ್ವ ನೋಡುತ್ತಿದ್ದಾಳೆ. ಆಕೆಯ ಕೈಯಲ್ಲಿ ಕವಳಿ ಮುಗಿಯುತ್ತ ಬಂದಿದೆ.

“ಹಾಳಿ ತೀರ್ತಲ್ಲೋ ಭೈರಾ” ಅಂದಳು. “ಇನ್ನೂ ಹೊಳಿ ದಾಟಿಲ್ಲ ಅವ. ಯಾವಾಗ ದಾಟ್ತಾನ?”

ಏನು ಮಾಡಲಿ. ಕಡೆಯ ಹಾಳೆಯ ಮೇಲೆ ಕಣ್ಣಿಟ್ಟು ಗಡಿಬಿಡಿಯಿಂದ ಓದಿದೆ: “ಹೊಳೆಯು ಇಳಿಯಲಿಲ್ಲ. ಭೈರನು ಬರಲೇ ಇಲ್ಲ. ಚಂದ್ರಯ್ಯನು ಸೆರೆಮನೆಯಲ್ಲಿ ದಾರಿ ನೋಡುತ್ತ ನೋಡುತ್ತ ಸತ್ತನು. ಸಂಪೂರ್ಣವು.”

ಇಮಾಮಸಾಬ ನೀರಿನ ಕೊಡ ಕೆಳಗಿಟ್ಟು, “ಯಾ ಅಲ್ಲಾ” ಅಂದ ಮೆಲ್ಲಗೆ. ಗಂಗವ್ವ ಕಣ್ಣು ಒರೆಸಿಕೊಳ್ಳಲಿಲ್ಲ, ಎದ್ದು ಹೋಗಿ ಬಾಯೊಳಗಿನ ಎಲೆ ಉಗುಳಿ ಬಂದಳು.

“ಈಜಾಕ ಬರ್ತಿದ್ದಿಲ್ಲೇನು ಅವಗ? ಮೊದಲಿಗೆ ಹೊಂಡದಾಗ ಈಜಿದ್ದು ಶೇಖಪ್ಪ ಓದಿದ್ನಲ್ಲಾ. ಬರೂ ಮನಸ ಇದ್ದಿದ್ದಿಲ್ಲ ಅನ್ನು.” ಆಮೇಲೆ ನನ್ನನ್ನೇ ನೋಡುತ್ತ, “ನಿನ್ನ ಚಂದ್ರಯ್ಯ ಹ್ಯಾಂಗ ಅದಾನ? ಸಂತಿಗೆ ಹೋದಾಗ ಭೆಟ್ಟಿ ಆಗ್ತೀಯಿಲ್ಲೋ?” ಎಂದು ಕೇಳಿದಳು.

“ಆರಾಮ ಅದಾನ” ಅಂದೆ. ಅಂದವನು ಎದ್ದು, ಯಾರೂ ಹೇಳದಿದ್ದರೂ, ಏಣಿ ಹೊತ್ತು ಬಳ್ಳಿ ಕಟ್ಟಲು ಹೋದೆ.

ಅಷ್ಟರಲ್ಲಿ ಬನ್ನಿ ಹಬ್ಬ ಬಂತು. ನಮ್ಮ ಕಡೆ ಆ ದಿನದ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಬನ್ನಿಯ ಎಲೆ ತಂದು, ಮನೆ ಮನೆಗೆ ಹೋಗಿ ಕೈಗೆ ಕೊಟ್ಟು, ಬಂಗಾರದಂಗ ಇರೋಣ ಎನ್ನಬೇಕು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಹೊಸ್ತಿಲು ತುಳಿಯುತ್ತಾರೆ. ನಾನು ಸವಣೂರಿನ ಓಣಿಯೆಲ್ಲ ತಿರುಗಿ, ಮುಖ ಪರಿಚಯ ಇಲ್ಲದವರಿಗೂ ಬನ್ನಿ ಕೊಟ್ಟು ಬಂದೆ. ಒಂದು ಹಿಡಿ ಎಲೆ ಅಂಗಿಯ ಕಿಸೆಯಲ್ಲಿ ಉಳಿಯಿತು. ಯಾರಿಗೆಂದು ಉಳಿಸಿದ್ದೇನೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಹಬ್ಬ ಮುಗಿದು ಎರಡು ದಿನಕ್ಕೆ ಇಮಾಮಸಾಬ ಚಪ್ಪರಕ್ಕೆ ಬಂದವನೇ, “ಶೇಖಪ್ಪನ ಕಡೆ ಹೋಗಿದ್ದೆನೋ ಬಸಣ್ಣಾ” ಅಂದ. ಹಿರೇಬೆಂಡಿಗೇರಿಯಲ್ಲಿ ಅವನ ಬೀಗರಿದ್ದರು, ಆಡು ನೋಡಲು ಹೋಗಿದ್ದವನು ಬನ್ನಿ ಕೊಟ್ಟು ಬಂದಿದ್ದ. “ಒಬ್ಬನ ಕುಂತಿದ್ದ ಪಾಪ. ಹೊತ್ತ ಹೋಗಲಿ ಅಂತ ನೀ ಓದಿದ ಕತಿ ಎಲ್ಲಾ ಹೇಳಿದೆ. ಹುಲಿ, ಕಳ್ಳರು, ಹೊಳಿ, ಒಂದೂ ಬಿಡಲಿಲ್ಲ.”

ನನ್ನ ಕೈಯಲ್ಲಿದ್ದ ಎಲೆ ಹರಿಯಿತು. “ಏನಂದ?”

“ಏನಂತಾನ. ಪೂರಾ ಕೇಳಿದ. ಗಂಗವ್ವ ನಂಬವಲ್ಲಳು, ಭೈರ ಬರ್ಲಿಲ್ಲಂತ ಖರೇನ ಪುಸ್ತಕದಾಗ ಐತೇನು ಅಂತ ಕೇಳಿದೆ. ಐತಿ ಅಂದ. ಬಸ್ಯಾ ಓದಿದ್ರಾಗ ಒಂದ ಅಕ್ಷರಾ ತಪ್ಪಿಲ್ಲ ಅಂದ.”

ಗಂಗವ್ವ ನಿಟ್ಟುಸಿರು ಬಿಟ್ಟು, “ಹಂಗಾರ ಖರೇ ಬಿಡು” ಅಂದಳು. ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ಸಲ ಓದಿದವನು, ಕಡೆಯ ಪುಟ ಬಾಯಿಪಾಠ ಇದ್ದವನು, ನನ್ನ ಮಾನ ಉಳಿಸುವ ಸಲುವಾಗಿ ತನ್ನ ಪುಸ್ತಕವನ್ನೇ ಸುಳ್ಳು ಮಾಡಿದ್ದ. ಅದೂ ಎಂಥ ಸುಳ್ಳು. ಗೆಳೆಯ ಬರಲಿಲ್ಲ ಎಂಬ ಸುಳ್ಳು. ಅವನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಎಲೆಯನ್ನು ಬಿಟ್ಟು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದೆ. ಎಲೆ ಬಾಡುತ್ತವೆಂದು ಇಮಾಮಸಾಬ ಹಿಂದಿನಿಂದ ಕೂಗಿದ. ಬಾಡಲಿ ಅಂದೆ.

ಹಿರೇಬೆಂಡಿಗೇರಿಗೆ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ನೀಲವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. “ಬಂದ್ಯಾ ತಮ್ಮಾ? ನೀ ಸವಣೂರಾಗ ಇಲ್ಲ ಅನ್ಕೊಂಡಿದ್ದೆ ನಾ. ಸಂತಿ ದಿನಾ ಬಂತಂದ್ರ ಈ ಕಟ್ಟಿ ಬಿಟ್ಟ ಏಳಂಗಿಲ್ಲ ಇವ. ದಾರಿ ಕಾಣಂಗಿಲ್ಲ, ಮಾರಿ ಮಾತ್ರ ದಾರಿ ಕಡೆ.” ಆಮೇಲೆ ದನಿ ತಗ್ಗಿಸಿ, “ಕುಂದರ ಬಾ. ನೀರ ತರ್ತೇನಿ” ಎಂದು ಒಳಗೆ ಹೋದಳು. ಆಕೆ ಹಂಗಿಸಲಿಲ್ಲ. ಹಂಗಿಸಿದ್ದರೆ ಅದಕ್ಕೆ ಉತ್ತರವೊಂದನ್ನು ದಾರಿಯಲ್ಲಿ ಹೊಸೆದುಕೊಂಡು ಬಂದಿದ್ದೆ.

ಶೇಖಪ್ಪ ಕಟ್ಟೆಯ ಮೇಲೆ ಗೋಡೆಗೆ ಆತು ಕುಳಿತಿದ್ದ. ಕೈಗಳು ಇನ್ನೂ ಮೆತ್ತಗಾಗಿದ್ದವು. ಪಕ್ಕದಲ್ಲಿ ಕುಳಿತು ಕಿಸೆಯಿಂದ ಬನ್ನಿ ತೆಗೆದು ಅವನ ಅಂಗೈಯಲ್ಲಿಟ್ಟೆ. ಬಾಯಿಂದ ಬಂಗಾರದ ಮಾತು ಹೊರಡಲಿಲ್ಲ. ಅವನು ಎಲೆಯನ್ನು ಬೆರಳಿನಿಂದ ತಿಕ್ಕಿದ, ಪುಡಿ ಉದುರಿತು.

“ಒಣಗ್ಯಾವಲ್ಲೋ ಬಸ್ಯಾ” ಅಂದ.

“ಹೌದು” ಅಂದೆ.

ಪುಡಿಯಾಗದೆ ಉಳಿದ ಎಲೆಯನ್ನೇ ಹಣೆಗೆ ಮುಟ್ಟಿಸಿ ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡ. ಆಮೇಲೆ ಅವನು ನಗುತ್ತ, “ಹುಲಿ ಚಲೋ ಇತ್ತಲೇ. ಪುಸ್ತಕಾ ಬರದವ್ರಿಗೂ ಹೊಳದಿಲ್ಲ ಅದು” ಅಂದ. ಅವನ ನಗೆ ನಿಂತಿತು.

“ಒಂದ ಕೇಳಲಾ? ಅಷ್ಟೆಲ್ಲಾ ದಾಟಿದವ, ಆ ಹೊಳಿ ಯಾಕ ದಾಟಲಿಲ್ಲ? ಯಾಕ ಬರ್ಲಿಲ್ಲ ಅವ?”

“ಹಾಳಿ ತೀರಿದ್ವೋ” ಅಂದೆ.

ಇದು ಖರೆಯೇ ಆಗಿತ್ತು. ಆದರೂ ಅದನ್ನು ಹೇಳಿದ ಮೇಲೆ ನನ್ನ ಬಾಯಿ ನನಗೇ ಬೇಡವಾಯಿತು. ಶೇಖಪ್ಪ ನಗಲಿಲ್ಲ.

“ಪುಸ್ತಕದಾಗ ಅವ ಎಲ್ಲೂ ಹೋಗೂದ ಇಲ್ಲಲೇ. ಲಾಯದ ಕೆಲಸಾ ಬಿಟ್ಟು ಸೆರಿಮನಿಗೆ ನೀರ ಹೊರಾಕ ನಿಲ್ತಾನ. ಬಿಡಸಾಕ ಅವನ ಕಡಿಂದ ಆಗಂಗಿಲ್ಲ. ದಿನಾ ಒಂದ ಕೊಡಾ ನೀರ ಇಟ್ಟು, ಕಂಬಿ ಹೊರಗ ಒಂದ ಗಳಿಗಿ ಕುಂತ ಹೋಗ್ತಾನ. ಅಷ್ಟ. ಮುನ್ನೂರ ಹಾಳಿ ಬರದು ಕಡೀಕ ಅಷ್ಟ ಇಟ್ಟಾರ. ಹೋಗದ ಇದ್ದವಗ ಬರೂ ಮಾತ ಎಲ್ಲಿಂದ ಬರಬೇಕು.”

ನನ್ನ ಮಡಿಲಲ್ಲಿ ಪುಸ್ತಕವಿತ್ತು. ಅವನು ಕೈ ಚಾಚಿ, ತಡವಿ, ಅದು ಇರುವುದನ್ನು ಗೊತ್ತು ಮಾಡಿಕೊಂಡ.

“ಓದು” ಅಂದ. “ಪುಸ್ತಕದಾಗಿಂದ ಬ್ಯಾಡ, ಅದು ನನಗ ಬರ್ತೈತಿ. ನಿಂದ ಓದು. ಹೊಳಿಯಿಂದ ಮುಂದ ಓದು. ಅವ ಬರೂವಂಗ ಓದು.”

ಪುಸ್ತಕ ತೆರೆದೆ. ಮೇಲೆ ಕೆಳಗೆ ಆಗಿ ಹಿಡಿದಿದ್ದೆನೋ ಏನೋ, ನೋಡುವವರು ಯಾರೂ ಇರಲಿಲ್ಲ; ಆದರೂ ಕಣ್ಣನ್ನು ಹಾಳೆಯ ಮೇಲೆಯೇ ಇಟ್ಟೆ. ಹೊಳೆ ಇಳಿಯಿತು ಎಂದು ಓದಿದೆ. ಭೈರ ಈಜಿ ದಾಟಿದ ಎಂದು ಓದಿದೆ. ಹಸಿ ಬಟ್ಟೆಯಲ್ಲಿಯೇ ನಡೆದು ಸೆರೆಮನೆಯ ಬಾಗಿಲಿಗೆ ಬಂದ. ಒಳಗಿನಿಂದ ಚಂದ್ರಯ್ಯ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದ. ಅಲ್ಲಿಗೆ ನನ್ನ ದನಿ ನಿಂತಿತು.

“ಭೈರ ಏನಂದ?” ಅಂದ ಶೇಖಪ್ಪ.

ನೀಲವ್ವ ನೀರಿನ ತಂಬಿಗೆ ತಂದಿಟ್ಟು ಒಳಗೆ ಹೋದಳು.

“ನನಗ ಓದಾಕ ಬರೂದಿಲ್ಲ, ಅಂದ” ಎಂದು ಓದಿದೆ.

ಶೇಖಪ್ಪ ಬೆಳ್ಳಗಾದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದ. ಅವನ ಕೈ ನನ್ನ ಮೊಣಕಾಲನ್ನು ಹುಡುಕಿ ಬಂದು ಅಲ್ಲಿಯೇ ನಿಂತಿತು.

“ಇಷ್ಟಕ್ಕ ಒಂಬತ್ತ ಸಂತಿ ಬಿಟ್ಟಿಯೇನೋ?”

ನಾನು ಎಣಿಸಿರಲಿಲ್ಲ. ಬೆರಳು ಮಡಚುತ್ತ ಹೋದೆ. ಒಂಬತ್ತೇ ಆಗಿದ್ದವು.